ಮಣಿ ಕೊಳ್ಳುವಾಗ ನಾನು ಮೊದಲು ನೋಡುವುದು ತೂತು

ನಮ್ಮ ನಾದಿನಿಯ ಗೃಹಪ್ರವೇಶದ ದಿನ, ಸರಿಯಾಗಿ ಎಲೆ ಹಾಕುವ ಹೊತ್ತಿಗೆ ಅವಳ ಕೊರಳಿನ ಸರ ಹರಿಯಿತು. ನಾನೇ ಪೋಣಿಸಿ ಕೊಟ್ಟಿದ್ದ ಸರ. ಕೆಂಪು ಅಕೀಕ್ (ಅಗೇಟ್ ಕಲ್ಲಿನ) ಮಣಿಗಳು ಹಾಲ್ ತುಂಬಾ ಉರುಳಿದವು, ಮಕ್ಕಳು ಆಯ್ದು ತಂದು ಕೊಟ್ಟರು. ದಾರ ಹಳೆಯದಿರಬೇಕು ಅಂದುಕೊಂಡೆ. ಮನೆಗೆ ಬಂದು ದಾರದ ತುದಿ ನೋಡಿದರೆ ಬ್ಲೇಡಿನಲ್ಲಿ ಕೊಯ್ದ ಹಾಗಿತ್ತು. ಒಂದೊಂದೇ ಮಣಿಯನ್ನು ಬೆಳಕಿಗೆ ಹಿಡಿದೆ. ಮೂರು ಮಣಿಗಳಲ್ಲಿ ತೂತಿನ ಬಾಯಿ ಚೂಪಾಗಿ ಚಕ್ಕೆ ಎದ್ದಿತ್ತು. ಅವತ್ತಿನಿಂದ ಬಣ್ಣ ಆಮೇಲೆ, ತೂತು ಮೊದಲು.

ಕೊಕ್ಕೆ, ರಿಂಗು, ಗೇರ್ ವೈರು (ಮಣಿ ಪೋಣಿಸುವ ಸಣ್ಣ ಉಕ್ಕಿನ ತಂತಿ) ಇಂಥದ್ದನ್ನೆಲ್ಲ ನಾನು ಬೆಂಗಳೂರಿನ ಅವೆನ್ಯೂ ರಸ್ತೆಯ ಕಡೆಯೇ ತರುತ್ತೇನೆ. ಆದರೆ ಮಣಿಗೆ ಮಾತ್ರ ಚಿತ್ರಕಲಾ ಪರಿಷತ್ತಿನಲ್ಲಿ ನಡೆಯುವ ಕರಕುಶಲ ಮೇಳಗಳಿಗಾಗಿ ಕಾಯುತ್ತೇನೆ, ಯಾಕೆಂದರೆ ಅಲ್ಲಿ ಎಷ್ಟೋ ಸಲ ಮಾರುವವರೇ ಮಾಡಿದವರು, ಇಲ್ಲವೇ ಮಾಡಿದವರ ಮನೆಯವರು, ಕೇಳಿದ್ದಕ್ಕೆಲ್ಲ ಕೂತು ಹೇಳುತ್ತಾರೆ. ಶನಿವಾರ ಭಾನುವಾರ ಹೋಗುವುದಿಲ್ಲ. ವಾರದ ದಿನ ಬೆಳಿಗ್ಗೆ, ಅಂಗಡಿ ಹರಡುವ ಹೊತ್ತಿಗೇ ಹೋದರೆ ಒಂದೊಂದು ಲೈನನ್ನೂ (ಮಾರಲು ದಾರಕ್ಕೆ ಪೋಣಿಸಿಟ್ಟ ಮಣಿಗಳ ಎಳೆ) ಬಿಡಿಸಿ ನೋಡಬಹುದು.

ಬ್ಯಾಗಿನಲ್ಲಿ ಅರ್ಧ ಪೋಣಿಸಿದ ಸರ, ನಾನು ಬಳಸುವ ದಾರ, ಸೂಜಿ, ಪುಟ್ಟ ಅಯಸ್ಕಾಂತ, ಸ್ವಲ್ಪ ಹತ್ತಿ, ನೇಲ್ ಪಾಲಿಶ್ ರಿಮೂವರ್ ಇರುತ್ತವೆ. ಅರ್ಧ ಸರ ಯಾಕೆ ಅಂದರೆ, ನೆನಪಿನಲ್ಲಿರುವ ಬಣ್ಣ ಯಾವತ್ತೂ ಮೋಸ ಮಾಡುತ್ತದೆ. ಮರೂನು ಅಂತ ತಂದದ್ದು ಮನೆಯ ಬೆಳಕಿನಲ್ಲಿ ಇಟ್ಟಿಗೆ ಬಣ್ಣ ಆಗಿರುತ್ತದೆ.

ಹೋದ ಸಲ ಗುಜರಾತಿನ ಖಂಭಾತ್‌ನಿಂದ ಬಂದಿದ್ದ ಒಬ್ಬರು ಹಿರಿಯರ ಹತ್ತಿರ ಒಂದು ಗಂಟೆ ಕೂತೆ. ಅಕೀಕ್‌ಗೆ ಆ ಊರು ಹೆಸರುವಾಸಿ. ನೆಲದಿಂದ ತೆಗೆದಾಗ ಈ ಕಲ್ಲು ಹೆಚ್ಚಾಗಿ ಮಸುಕು ಹಳದಿ, ಬೂದು ಬಣ್ಣದ್ದು. ಮಡಕೆಯಲ್ಲಿಟ್ಟು ನಿಧಾನ ಬೆಂಕಿಯಲ್ಲಿ ಸುಟ್ಟರೆ ಒಳಗಿನ ಕಬ್ಬಿಣದ ಅಂಶಕ್ಕೆ ಕೆಂಪು ಬರುತ್ತದೆ. ಹರಪ್ಪಾ ಕಾಲದಲ್ಲೂ ಗುಜರಾತಿನ ಕಡೆ ಕಲ್ಲು ಕಾಯಿಸಿ ಇಂಥ ಕೆಂಪು ಮಣಿ ಮಾಡುತ್ತಿದ್ದರು, ಅವರ ಉದ್ದನೆಯ ಮಣಿಗಳು ಮೆಸೊಪಟೇಮಿಯಾದ ಗೋರಿಗಳಲ್ಲೂ ಸಿಕ್ಕಿವೆ. ನಮ್ಮ ಕತ್ತಿನಲ್ಲಿರುವುದು ಅದೇ ಜಾತಿಯ ಕಲ್ಲು ಅಂದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಸರ ಹರಿದ ಕಥೆ ಹೇಳಿದೆ. ಅವರು ಒಂದು ಮಣಿಯನ್ನು ಬೆರಳ ತುದಿಯಲ್ಲಿಟ್ಟು ಟಾರ್ಚ್ ಬಿಟ್ಟು ತೋರಿಸಿದರು. ಕಲ್ಲಿನ ಮಣಿಗೆ ಎರಡೂ ಕಡೆಯಿಂದ ಅರ್ಧರ್ಧ ಕೊರೆಯುತ್ತಾರೆ, ಎರಡು ತೂತು ನಡುವೆ ಕೂಡಬೇಕು. ಸ್ವಲ್ಪ ಓರೆಯಾದರೂ ಒಳಗೆ ಮೆಟ್ಟಿಲಿನ ಹಾಗೆ ಅಂಚು ಉಳಿಯುತ್ತದೆ. ಹೊರಗಿನಿಂದ ಏನೂ ಗೊತ್ತಾಗಲ್ಲ. ಹಾಗಾಗಿ ಈಗ ನಾನು ಪ್ರತಿ ಲೈನಿನಲ್ಲಿ ನಾಲ್ಕೈದು ಮಣಿಗೆ ನನ್ನದೇ ದಾರ ಹಾಕಿ ಹತ್ತು ಸಲ ಹಿಂದೆ ಮುಂದೆ ಎಳೆಯುತ್ತೇನೆ. ದಾರದಲ್ಲಿ ಜುಂಗು ಎದ್ದರೆ ಆ ಲೈನ್ ವಾಪಸ್. ಯಾರೂ ಬೇಜಾರು ಮಾಡಿಕೊಂಡಿಲ್ಲ, ಆ ಹಿರಿಯರಂತೂ ತಾವೇ ಎರಡು ಲೈನ್ ಪಕ್ಕಕ್ಕೆ ಎತ್ತಿಟ್ಟರು.

ಗಾಜಿನ ಮಣಿಯ ತೊಂದರೆ ಬೇರೆ. ಉತ್ತರ ಪ್ರದೇಶದ ಪುರ್ದಿಲ್‌ನಗರದ ಮಣಿಗಳು ನನಗೆ ಬಹಳ ಇಷ್ಟ. ಕರಗಿದ ಗಾಜನ್ನು ಕಡ್ಡಿಗೆ ಸುತ್ತಿ ಮಾಡುವುದರಿಂದ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಕಡ್ಡಿಗೆ ಅಂಟದಿರಲಿ ಅಂತ ಹಚ್ಚಿದ ಬಿಳಿ ಪುಡಿ ಕೆಲವು ಸಲ ತೂತಿನೊಳಗೆ ಉಳಿದಿರುತ್ತದೆ. ಅದನ್ನು ತೊಳೆಯದೆ ಪೋಣಿಸಬೇಡಿ, ಮರಳು ಕಾಗದದ ಹಾಗೆ ದಾರವನ್ನು ತಿನ್ನುತ್ತದೆ.

ಚನ್ನಪಟ್ಟಣದ ಮರದ ಮಣಿ ಹಗುರ, ದೊಡ್ಡ ಸರಕ್ಕೂ ಕತ್ತು ನೋಯುವುದಿಲ್ಲ. ಹಾಲೆ ಮರವನ್ನು ತಿರುಗಣಿಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಬಣ್ಣ ಕರಗಿ ಹಿಡಿಯುತ್ತದೆ. ಆದರೆ ತೂತು ದೊಡ್ಡದು, ಪಕ್ಕದ ಸಣ್ಣ ಮಣಿ ಒಳಗೆ ಜಾರಿಬಿಡುತ್ತದೆ. ಎರಡೂ ಕಡೆ ಹಿತ್ತಾಳೆಯ ಟೋಪಿ, ಅಂದರೆ ಮಣಿಯ ತುದಿಗೆ ಕೂರುವ ಪುಟ್ಟ ಬಟ್ಟಲು, ಕೊಟ್ಟರೆ ಸರಿಹೋಗುತ್ತದೆ, ನೋಡಲೂ ಚೆಂದ. ಟೋಪಿ ಹಿತ್ತಾಳೆಯದ್ದು ಅಂತ ಹೇಳಿದರೂ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗೆ ಕಬ್ಬಿಣ, ಬೆವರಿಗೆ ತುಕ್ಕು ಹಿಡಿಯುತ್ತದೆ.

ಫಿರೋಜಾ ಅಂತ ತೋರಿಸುವ ನೀಲಿ ಕಲ್ಲು ಕಡಿಮೆ ಬೆಲೆಗೆ ಸಿಕ್ಕರೆ ಅದು ಬಣ್ಣ ಹಾಕಿದ ಬಿಳಿ ಕಲ್ಲು ಇರುವುದೇ ಜಾಸ್ತಿ. ಕೇಳಿ, ಒಪ್ಪಿಗೆ ಪಡೆದು, ರಿಮೂವರ್ ಹಚ್ಚಿದ ಹತ್ತಿಯಿಂದ ಒಂದು ಮಣಿ ಉಜ್ಜಿ. ನೀಲಿ ಬಂತೋ, ಬಿಡಿ.

ಲೆಕ್ಕವನ್ನೂ ಮನೆಯಲ್ಲೇ ಹಾಕಿಕೊಂಡು ಹೋಗುತ್ತೇನೆ. 16 ಇಂಚಿನ ಲೈನಿನಲ್ಲಿ 8 ಮಿ.ಮೀ. ಮಣಿ ಸುಮಾರು 50, 6 ಮಿ.ಮೀ. ಆದರೆ 65ರ ಆಸುಪಾಸು. ಬೇಕಾದ್ದಕ್ಕಿಂತ ಒಂದು ಲೈನ್ ಜಾಸ್ತಿಯೇ ತರುತ್ತೇನೆ, ಯಾಕೆಂದರೆ ಮುಂದಿನ ವರ್ಷ ಅದೇ ಬಣ್ಣ ಸಿಗುವುದಿಲ್ಲ. ಕೈಯಲ್ಲಿ ಮಾಡಿದವರ ಹತ್ತಿರ ಒಂದೆರಡು ಲೈನಿಗೆ ಚೌಕಾಸಿ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಐದಾರು ತೆಗೆದುಕೊಂಡರೆ ಮಾತ್ರ, ಸ್ವಲ್ಪ ನೋಡಿ ಹಾಕಿ ಅನ್ನುತ್ತೇನೆ.

ನಾದಿನಿಯ ಸರವನ್ನು ಆ ಹಿರಿಯರ ಮಣಿಗಳಲ್ಲೇ ಮತ್ತೆ ಪೋಣಿಸಿದೆ. ಈ ಸಲ ಪ್ರತಿ ಮಣಿಯ ನಡುವೆ ಒಂದೊಂದು ಗಂಟು ಹಾಕಿದ್ದೇನೆ. ದಾರ ಹರಿದರೂ ಉದುರುವುದು ಒಂದೇ ಮಣಿ.