ಎಡಪುಟ, ಬಲಪುಟ

ಪುಸ್ತಕ ಓದಿ ಮುಗಿಸಿದ ದಿನವೇ, ಮಲಗುವ ಮುಂಚೆ, ಅದರ ಬಗ್ಗೆ ಬರೆದಿಡುತ್ತೇನೆ. ಮಾರನೇ ದಿನಕ್ಕೆ ಬಿಟ್ಟರೆ ನನ್ನ ಅನಿಸಿಕೆಯ ಜೊತೆಗೆ ಇನ್ಯಾರ್ಯಾರದೋ ಮಾತು ಸೇರಿಕೊಳ್ಳುತ್ತದೆ. ಮುನ್ನುಡಿ ಬರೆದವರದ್ದು, ಪೇಪರಿನಲ್ಲಿ ವಿಮರ್ಶೆ ಬರೆದವರದ್ದು, ಸ್ನೇಹಿತರು ವಾಟ್ಸಾಪಿನಲ್ಲಿ ಹಾಕಿದ್ದು. ಅದಕ್ಕೇ ಮುನ್ನುಡಿಯನ್ನೂ ಕೊನೆಯಲ್ಲೇ ಓದುತ್ತೇನೆ.

ಬರೆಯುವುದಕ್ಕೆ ಗೆರೆ ಹಾಕಿದ ಒಂದು ಲಾಂಗ್ ನೋಟ್‌ಬುಕ್ ಇದೆ. ಪುಸ್ತಕಕ್ಕೆ ಎದುರುಬದುರಿನ ಎರಡು ಪುಟ. ಎಡಪುಟ ಮುಗಿಸಿದ ದಿನಕ್ಕೆ. ಅಲ್ಲಿ ಕಥೆಯ ಸಾರಾಂಶ ಬರೆಯುವುದಿಲ್ಲ, 'ಅದ್ಭುತ', 'ಮನ ಮುಟ್ಟುವಂಥದ್ದು' ಎಂಬ ಮಾತುಗಳಿಗೂ ಜಾಗವಿಲ್ಲ. ಯಾವ ಪುಟದಲ್ಲಿ ಓದು ನಿಂತಿತು, ಅಲ್ಲಿ ಏನಿತ್ತು, ನನಗೇನಾಯಿತು, ಇಷ್ಟೇ. ಬಲಪುಟ ಖಾಲಿ ಬಿಡುತ್ತೇನೆ. ಕೆಲವು ತಿಂಗಳು ಕಳೆದ ಮೇಲೆ, ಪುಸ್ತಕವನ್ನು ಮತ್ತೆ ತೆರೆಯದೆ, ಎಡಪುಟವನ್ನು ಒಂದು ಹಾಳೆಯಿಂದ ಮುಚ್ಚಿ, ಮನಸ್ಸಿನಲ್ಲಿ ಏನು ಉಳಿದಿದೆಯೋ ಅದನ್ನು ಬಲಕ್ಕೆ ಬರೆಯುತ್ತೇನೆ. ಎರಡೂ ಒಂದೇ ಆಗಿರುವುದು ಅಪರೂಪ.

ನನ್ನ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ, ಕೆಲಸ ಮಂಡ್ಯದಲ್ಲಿ. ಬೆಳಿಗ್ಗೆಯ ರೈಲಿನಲ್ಲಿ ಕೂರಲು ಜಾಗ ಸಿಕ್ಕರೆ ನಾಗನಹಳ್ಳಿ ದಾಟುವಷ್ಟರಲ್ಲಿ ಪುಸ್ತಕದೊಳಗೆ ಇಳಿದಿರುತ್ತೇನೆ. ಕಾದಂಬರಿಗೆ ರೈಲು ಒಳ್ಳೆಯ ಜಾಗ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಅಲ್ಲೇ ಓದಿದ್ದು. ಬೆಂಗಳೂರಿನ ಒಂದು ಕುಟುಂಬ, ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಇದ್ದಕ್ಕಿದ್ದ ಹಾಗೆ ಕೈಯಲ್ಲಿ ದುಡ್ಡು ಓಡಾಡತೊಡಗುತ್ತದೆ. ನನ್ನ ಎಡಪುಟದ ತುಂಬ ಇರುವೆಗಳೇ ಇವೆ. ಹಳೇ ಮನೆಯಲ್ಲಿದ್ದಾಗ ಎಲ್ಲರೂ ಇರುವೆಗಳ ಮೇಲೆ ಹಗೆ ಸಾಧಿಸುತ್ತಾರಲ್ಲ, ಹೊಸಕುವುದರಲ್ಲೇ ಒಂದು ಖುಷಿ ಕಾಣುತ್ತಾರಲ್ಲ, ಆ ಭಾಗ ಓದುವಾಗ ಮೈ ಜುಮ್ ಅಂದಿತ್ತು. ಬಲಪುಟ ಬರೆಯಲು ಕೂತಾಗ ಮಾತ್ರ ಮನಸ್ಸಿಗೆ ಬಂದವಳು ಬೇರೆ: ಚಿಕ್ಕಪ್ಪನನ್ನು ಹುಡುಕಿಕೊಂಡು, ತಾನೇ ಮಾಡಿದ ಅಡುಗೆ ಹಿಡಿದು ಬಾಗಿಲಿಗೆ ಬರುವ ಹೆಂಗಸು. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ಕಥೆ ಹೇಳುವವನು ನೋಡುತ್ತ ನಿಂತಿರುತ್ತಾನೆ. ಮನೆಯವರೆಲ್ಲ ಒಗ್ಗಟ್ಟಾಗಿರಬೇಕು ಎಂದು ಹೇಳಿಸಿಕೊಂಡೇ ಬೆಳೆದವಳು ನಾನು. ಆ ಒಗ್ಗಟ್ಟು ಹೊರಗಿನವರ ಮೇಲೆ ಹೇಗೆ ಎರಗುತ್ತದೆ ಎಂದು ಇಷ್ಟು ಸಣ್ಣ ಪುಸ್ತಕವೊಂದು ತೋರಿಸಿದ್ದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ರೈಲಿನಲ್ಲಿ ಓದಿಸಿಕೊಳ್ಳದ ಕಾದಂಬರಿಯೂ ಇದೆ. ದೇವನೂರ ಮಹಾದೇವರ 'ಒಡಲಾಳ'ದ ಮಾತನ್ನು ಬಾಯಿಬಿಟ್ಟು ಓದಬೇಕು. ನಮ್ಮ ಅತ್ತೆಯ ತವರು ನಂಜನಗೂಡಿನ ಹತ್ತಿರದ ಹಳ್ಳಿ. ಅವರಿಗೆ ಕಣ್ಣು ಮಂಜಾಗಿದೆ, ಪುಸ್ತಕ ಹಿಡಿಯುವುದಿಲ್ಲ. ಅವರೆಕಾಯಿ ಕಾಲ. ಭಾನುವಾರ ಮಧ್ಯಾಹ್ನ ಅವರು ಹಜಾರದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು, ನಾನು ಎದುರಿಗೆ ಕೂತು ಓದಿದೆ. ಕಳೆದುಹೋದ ಕೋಳಿಯನ್ನು ಹುಡುಕಿಕೊಂಡು ಸಾಕವ್ವ ಊರೆಲ್ಲ ಅಲೆಯುವ ಭಾಗ ಬಂದಾಗ ಅತ್ತೆ ನಗಲಿಕ್ಕೆ ಶುರುಮಾಡಿದರು. "ಇವಳು ನಮ್ಮ ದೊಡ್ಡವ್ವನೇ ಕಣವ್ವ, ಅದೇ ಬಾಯಿ. ಇನ್ನೊಂದ್ಸಲ ಓದು" ಎಂದರು. ಓದಿದೆ.

ಆಮೇಲೆ ಕಡ್ಲೆಕಾಯಿಯ ರಾತ್ರಿ ಬಂತು. ಕದ್ದು ತಂದ ಕಡ್ಲೆಕಾಯಿ, ಬೆಂಕಿಯ ಸುತ್ತ ಕೂತ ಇಡೀ ಮನೆ, ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ತಿನ್ನುತ್ತಲೇ ಇರುತ್ತಾರೆ. ಕನ್ನಡದಲ್ಲಿ ನಾನು ಓದಿರುವ ಊಟಗಳಲ್ಲಿ ಇಷ್ಟು ಸಂತೋಷದ್ದು ಇನ್ನೊಂದಿಲ್ಲ ಎಂದುಕೊಳ್ಳುತ್ತ ನಾನು ಓದುತ್ತಿದ್ದರೆ, ಅತ್ತೆಯ ಕೈ ನಿಂತುಹೋಗಿತ್ತು. "ಸಿಪ್ಪೆ ಏನ್ ಮಾಡುದ್ರು?" ಅಂದರು. ಇನ್ನೂ ಅಲ್ಲಿಗೆ ಬಂದಿಲ್ಲ ಅತ್ತೆ ಎಂದೆ. "ಬೆಂಕಿಗೆ ಹಾಕ್ಬುಡ್ಬೇಕು. ಒಂದು ಸಿಪ್ಪೆ ಸಿಕ್ಕುದ್ರೂ ಹಿಡ್ಕಂಡ್ ಹೋಯ್ತರೆ."

ಸಿಪ್ಪೆ ಬೆಂಕಿಗೇ ಹೋಗುತ್ತದೆ. ಪೊಲೀಸರೂ ಬರುತ್ತಾರೆ. ನನಗೆ ಹಬ್ಬದ ಹಾಗೆ ಕಂಡ ರಾತ್ರಿಯ ಒಳಗೆ ಹೆದರಿಕೆ ಮೊದಲಿನಿಂದಲೂ ಕೂತಿತ್ತು, ಅದು ಅವರಿಗೆ ಕಂಡಿತ್ತು. ಹಸಿವನ್ನು ಹತ್ತಿರದಿಂದ ನೋಡಿದವರ ಓದು ಅದು. ಗೋಡೆಯ ಮೇಲೆ ಪುಟ್ಟಗೌರಿ ಬಿಡಿಸುವ ನವಿಲಿನ ಬಗ್ಗೆ ಎಡಪುಟದಲ್ಲಿ ನಾನು ಏನೇನೋ ಬರೆಯಬೇಕೆಂದಿದ್ದೆ. ಅತ್ತೆಯ ಆ ಎರಡು ಮಾತನ್ನೇ ಬರೆದು ಪೆನ್ನು ಮುಚ್ಚಿದೆ. ಅಂದಿನಿಂದ ಆಡುಮಾತು ದಟ್ಟವಾಗಿರುವ ಯಾವ ಪುಸ್ತಕವನ್ನೂ ಒಬ್ಬಳೇ ಓದುವುದಿಲ್ಲ. ಆ ಮಾತು ಆಡುವವರು ಯಾರಾದರೂ ಎದುರಿಗೆ ಇರಬೇಕು.

ತ್ರಿವೇಣಿಯವರ 'ಶರಪಂಜರ'ಕ್ಕೆ ಬೇರೆ ಥರದ ಅಡ್ಡಿ ಇತ್ತು. 1971ರ ಸಿನಿಮಾ ನಮ್ಮೆಲ್ಲರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ಕಾವೇರಿಗೆ ಬೇರೆ ಮುಖ ಕೊಡುವುದೇ ಕಷ್ಟ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಓದಿದೆ. ಬಾಣಂತಿಯಾದ ಮೇಲೆ ಮನಸ್ಸಿನ ಕಾಯಿಲೆಗೆ ಬಿದ್ದು, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಬಂದ ಮೇಲೆ ಅವಳು ನಕ್ಕರೂ ಅನುಮಾನ, ಸಿಟ್ಟು ಮಾಡಿಕೊಂಡರೂ ಅನುಮಾನ. ಎಡಪುಟದಲ್ಲಿ ಬರೀ ಸಿಟ್ಟು ಇದೆ. ತ್ರಿವೇಣಿಯವರು ಇದೇ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ ಹೆರಿಗೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡರು, ಆಗಿನ್ನೂ 34 ವರ್ಷ. ಬಾಣಂತಿಗೆ ಎಣ್ಣೆ, ನೀರು, ಪಥ್ಯ ಎಂದು ಅಷ್ಟೊಂದು ನೋಡಿಕೊಳ್ಳುವ ನಮ್ಮ ಮನೆಗಳಲ್ಲಿ ಅವಳ ಮನಸ್ಸು ಹೇಗಿದೆ ಎಂದು ಈಗಲೂ ಎಷ್ಟು ಜನ ಕೇಳುತ್ತಾರೆ?

ಆತ್ಮಕಥೆಗಳನ್ನು ರಾತ್ರಿ ಓದುತ್ತೇನೆ. ಅವುಗಳಲ್ಲಿ ನಾನು ಗಮನಿಸುವುದು ಒಂದೇ: ಬರೆದವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಬೇಗಬೇಗ ದಾಟುತ್ತಾರೆ. ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರ ಮನೆ ಈಗ ಮ್ಯೂಸಿಯಂ ಆಗಿದೆ, ಆ ಕಡೆ ಹೋದಾಗಲೆಲ್ಲ ಒಳಗೆ ಹೋಗಿ ಬರುತ್ತೇನೆ. ಅವರ 'ಮೈ ಡೇಸ್' 1974ರದ್ದು. ನವಿಲು, ಕೋತಿ ಸಾಕಿಕೊಂಡು ಮದರಾಸಿನ ಅಜ್ಜಿಮನೆಯಲ್ಲಿ ಬೆಳೆದ ಬಾಲ್ಯವನ್ನು ಅವರು ನಿಧಾನವಾಗಿ, ಆಸೆಪಟ್ಟು ಹೇಳುತ್ತಾರೆ. 1939ರಲ್ಲಿ ಹೆಂಡತಿ ರಾಜಂ ಟೈಫಾಯಿಡ್‌ನಿಂದ ತೀರಿಕೊಂಡ ಜಾಗಕ್ಕೆ ಬಂದಾಗ, ಅದನ್ನೆಲ್ಲ 'ದಿ ಇಂಗ್ಲಿಷ್ ಟೀಚರ್' ಕಾದಂಬರಿಯಲ್ಲಿ ಬರೆದಾಗಿದೆ, ಮತ್ತೆ ಹೇಳಲಾರೆ ಎಂಬ ಅರ್ಥದ ಮಾತು ಹೇಳಿ ಮುಂದೆ ಹೋಗುತ್ತಾರೆ. ನಾನು ಅಲ್ಲಿಗೇ ಆತ್ಮಕಥೆಯನ್ನು ಮುಚ್ಚಿಟ್ಟು, 1945ರ ಆ ಕಾದಂಬರಿ ತಂದು ಓದಿ, ಆಮೇಲೆ ಬಿಟ್ಟ ಪುಟಕ್ಕೆ ವಾಪಸ್ಸು ಬಂದೆ. ಜ್ವರ ಏರುವುದು, ಇಳಿಯುವುದು, ಹಾಸಿಗೆ ಪಕ್ಕದ ಗಂಡನ ಲೆಕ್ಕಾಚಾರ, ಎಲ್ಲ ಅಲ್ಲಿದೆ. ಆಗ ಆತ್ಮಕಥೆಯ ಆ ನಾಲ್ಕು ಸಾಲಿನ ಭಾರ ಗೊತ್ತಾಯಿತು. ಈಗ ಇದೇ ಅಭ್ಯಾಸ ಬೆಳೆದಿದೆ. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' ಮತ್ತು ತೇಜಸ್ವಿಯವರ 'ಅಣ್ಣನ ನೆನಪು' ಎರಡನ್ನೂ ಒಟ್ಟೊಟ್ಟಿಗೆ ಇಟ್ಟುಕೊಂಡಿದ್ದೇನೆ, ತಂದೆ ತನ್ನ ಬಗ್ಗೆ ಹೇಳುವುದು ಒಂದು, ಮಗ ಕಂಡದ್ದು ಇನ್ನೊಂದು.

ಸಿದ್ದಲಿಂಗಯ್ಯನವರ 'ಊರುಕೇರಿ' ಓದುವಾಗ ನಗು ಬರುತ್ತದೆ, ಜೋರಾಗಿಯೇ ಬರುತ್ತದೆ. ಆದರೆ ಪುಸ್ತಕದ ಆರಂಭದಲ್ಲೇ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಹೊಲ ಉಳುತ್ತಿರುವುದನ್ನು ಒಬ್ಬ ಹುಡುಗ ನೋಡುತ್ತಾನೆ. ಆ ಇಬ್ಬರಲ್ಲಿ ಒಬ್ಬರು ಅವನ ಅಪ್ಪ. ಅದನ್ನೂ ಅವರು ದನಿ ಎತ್ತರಿಸದೆ ಹೇಳುತ್ತಾರೆ. ಮುಂದೆ ಪ್ರತಿ ಸಲ ನಕ್ಕಾಗಲೂ ಆ ನೊಗ ನೆನಪಾಗಿ ನಗು ಗಂಟಲಲ್ಲಿ ನಿಂತಿತು. ಈ ಪುಸ್ತಕದ ನನ್ನ ಎಡಪುಟ, ಬಲಪುಟ ಎರಡರಲ್ಲೂ ಇರುವುದು ಅದೊಂದೇ.

ಚಿತ್ರಪುಸ್ತಕಗಳಿಗೆ ಹಗಲು ಬೇಕು, ಮೇಜು ಬೇಕು. ಇವುಗಳನ್ನು ಓದುವ ಬಗೆಯನ್ನು ನಾನು ಕಲಿತದ್ದು 'ಭೀಮಾಯನ'ದಿಂದ. 2011ರಲ್ಲಿ ಬಂದ ಪುಸ್ತಕ, ಅಂಬೇಡ್ಕರರ ಬದುಕಿನ ಘಟನೆಗಳು, ಚಿತ್ರ ಬರೆದವರು ಪರಧಾನ್ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಮೊದಲು ಕಣ್ಣಿಗೆ ಬೀಳುವುದು ಚೌಕಗಳಿಲ್ಲದ ಪುಟ. ಮನುಷ್ಯರನ್ನು ಡಬ್ಬಿಯೊಳಗೆ ಹಾಕಿ ಉಸಿರುಕಟ್ಟಿಸುವುದು ಆ ಕಲಾವಿದರಿಗೆ ಬೇಡವಾಗಿತ್ತು. ತಮ್ಮ ಮನೆಯ ಗೋಡೆ, ನೆಲದ ಮೇಲೆ ಬರೆಯುವ ದಿಗ್ನಾ ಎಂಬ ವಿನ್ಯಾಸದ ಪಟ್ಟಿಗಳು ಪುಟದ ಉದ್ದಕ್ಕೂ ಬಳ್ಳಿಯಂತೆ ಹರಿದು ಒಂದು ಸಂಗತಿಯಿಂದ ಇನ್ನೊಂದನ್ನು ಬೇರೆ ಮಾಡುತ್ತವೆ. ಮಾತಿನ ಗುಳ್ಳೆಗಳಲ್ಲೂ ಬೇರೆ ಬೇರೆ ಬಗೆ. ಮೃದುವಾದ ಮಾತಿನ ಗುಳ್ಳೆ ಹಕ್ಕಿಯ ಆಕಾರದಲ್ಲಿದ್ದರೆ, ಜಾತಿಯ ವಿಷ ಇರುವ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ. ಇದು ತಿಳಿದ ಮೇಲೆ ನಾನು ಒಂದು ಕ್ರಮ ಮಾಡಿಕೊಂಡೆ: ಮೊದಲ ಸುತ್ತಿನಲ್ಲಿ ಅಕ್ಷರ ಓದದೆ ಬರೀ ಚಿತ್ರ ನೋಡುತ್ತ ಹೋಗುವುದು, ಎರಡನೇ ಸುತ್ತಿನಲ್ಲಿ ಮಾತು. ಮೊದಲ ಸುತ್ತಿನಲ್ಲೇ ಎಲ್ಲೆಲ್ಲಿ ಚೇಳು ಇದೆ ಎಂದು ಗೊತ್ತಾಗಿಬಿಡುತ್ತದೆ. ಆಮೇಲೆ ಓದುವಾಗ, ಆ ಮಾತು ಬರುವ ಮುಂಚೆಯೇ ಎದೆ ಬಿಗಿಯುತ್ತದೆ.

ನನ್ನ ಓದು ನಿಂತದ್ದು ನೀರಿನ ಭಾಗದಲ್ಲಿ. 1901, ಬಾಲಕ ಭೀಮ ಅಣ್ಣನ ಜೊತೆ ಅಪ್ಪನನ್ನು ನೋಡಲು ರೈಲಿನಲ್ಲಿ ಹೋಗುತ್ತಾನೆ. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆದುಕೊಂಡು ಹೋಗಲು ಯಾರೂ ಬಂದಿಲ್ಲ. ಜಾತಿ ತಿಳಿದ ಮೇಲೆ ಗಾಡಿಯವರು ಒಲ್ಲೆ ಎನ್ನುತ್ತಾರೆ. ಒಬ್ಬ ಮಾತ್ರ ಎರಡು ಪಟ್ಟು ಬಾಡಿಗೆಗೆ ಒಪ್ಪುತ್ತಾನೆ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು ಎಂಬ ಷರತ್ತಿನ ಮೇಲೆ. ಬುತ್ತಿ ತುಂಬ ಊಟ ಇದೆ, ಕುಡಿಯಲು ನೀರು ಕೊಡುವವರಿಲ್ಲ. ಈ ಘಟನೆಯನ್ನು ಅಂಬೇಡ್ಕರರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ, ಓದಿದ್ದೆ ಕೂಡ. ಚಿತ್ರದಲ್ಲಿ ನೋಡುವಾಗ ಆ ಹೊಸ ಬಟ್ಟೆ ತೊಟ್ಟ ಮಕ್ಕಳ ಗಾತ್ರ ಕಣ್ಣಿಗೆ ಬಿತ್ತು. ಎಷ್ಟು ಸಣ್ಣವರು! ಬರಹದಲ್ಲಿ ಅದನ್ನು ನಾನು ಕಂಡಿರಲಿಲ್ಲ.

ಮರ್ಜಾನೆ ಸತ್ರಪಿಯ 'ಪರ್ಸೆಪೊಲಿಸ್' ಪೂರ್ತಿ ಕಪ್ಪು ಬಿಳುಪು. 1979ರ ಕ್ರಾಂತಿಯ ಹೊತ್ತಿಗೆ ಟೆಹರಾನಿನಲ್ಲಿ ಬೆಳೆಯುತ್ತಿದ್ದ ಹುಡುಗಿಯ ನೆನಪುಗಳು. ಇರಾಕ್ ಜೊತೆ ಯುದ್ಧ ಶುರುವಾದ ಮೇಲೆ ಪಕ್ಕದ ಮನೆಗೆ ಕ್ಷಿಪಣಿ ಬೀಳುತ್ತದೆ. ಅವಶೇಷದಲ್ಲಿ ಗೆಳತಿಯ ಬಳೆ, ಆ ಬಳೆ ತೊಟ್ಟ ಕೈ. ಹುಡುಗಿ ಮುಖ ಮುಚ್ಚಿಕೊಳ್ಳುತ್ತಾಳೆ. ಮುಂದಿನ ಚೌಕದಲ್ಲಿ ಚಿತ್ರವೇ ಇಲ್ಲ, ಬರೀ ಕಪ್ಪು. ಕಾದಂಬರಿಕಾರರಿಗೆ ಈ ಅನುಕೂಲ ಇಲ್ಲ, ಅವರು ಏನಾದರೂ ಹೇಳಲೇಬೇಕು. ಪುಟ ತಿರುಗಿಸಲು ನನಗೆ ಬಹಳ ಹೊತ್ತು ಬೇಕಾಯಿತು.

ಆರ್ಟ್ ಸ್ಪೀಗೆಲ್‌ಮನ್‌ನ 'ಮೌಸ್'ನಲ್ಲಿ ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. 1992ರಲ್ಲಿ ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ ಬಂದದ್ದರಿಂದ ಹೆಸರು ಎಲ್ಲರಿಗೂ ಗೊತ್ತು. ಔಶ್ವಿಟ್ಜ್‌ನಿಂದ ಬದುಕಿ ಬಂದ ಅಪ್ಪ ಮಗನಿಗೆ ಕಥೆ ಹೇಳುತ್ತ ಹೋಗುತ್ತಾನೆ. ಯಾತನಾ ಶಿಬಿರದ ಪುಟಗಳಲ್ಲಿ ಓದು ನಿಲ್ಲಬಹುದು ಎಂದುಕೊಂಡಿದ್ದೆ. ನಿಂತದ್ದು ಮೊದಲ ಭಾಗದ ಕೊನೆಯಲ್ಲಿ, ತೀರಿಹೋದ ಅಮ್ಮನ ದಿನಚರಿಗಳನ್ನು ತಾನೇ ಸುಟ್ಟುಹಾಕಿದೆ ಎಂದು ಅಪ್ಪ ಹೇಳುವಲ್ಲಿ. ಅಷ್ಟು ದೊಡ್ಡ ಪುಸ್ತಕದಲ್ಲಿ ಅಮ್ಮನ ಮಾತು ಅವಳದೇ ಬಾಯಲ್ಲಿ ನಮಗೆ ಸಿಗುವುದೇ ಇಲ್ಲ.

ಈಗ ನಮ್ಮ ಆಫೀಸಿನ ಇನ್ನೊಬ್ಬರೂ ಹೀಗೆ ಬರೆದಿಡಲು ಶುರುಮಾಡಿದ್ದಾರೆ. ಪಾಂಡವಪುರದಲ್ಲಿ ರೈಲು ಹತ್ತುತ್ತಾರೆ. ಅವರಿಗೆ 'ಪರ್ಸೆಪೊಲಿಸ್' ಕೊಡುವಾಗ ಒಂದೇ ಮಾತು ಹೇಳಿದ್ದೆ: ನನ್ನ ಹತ್ತಿರ ಚರ್ಚೆ ಮಾಡುವ ಮುಂಚೆ ನಿಮ್ಮ ಎಡಪುಟ ಬರೆದು ಮುಗಿಸಿ, ಅಕ್ಕ. ಕಪ್ಪು ಚೌಕವನ್ನೇ ಅವರೂ ಬರೆದಿರುತ್ತಾರೆ ಎಂದುಕೊಂಡಿದ್ದೆ. ಅವರು ಬರೆದದ್ದು ಅನೂಶ್ ಚಿಕ್ಕಪ್ಪನ ಬಗ್ಗೆ. ಜೈಲಿನಲ್ಲಿ ಬ್ರೆಡ್ಡಿನಿಂದ ಹಂಸ ಮಾಡಿ ಆ ಹುಡುಗಿಗೆ ಕೊಟ್ಟ ಚಿಕ್ಕಪ್ಪ, ಆಮೇಲೆ ಮರಣದಂಡನೆಗೆ ಒಳಗಾದವರು. ಆ ಹಂಸದ ಪುಟವನ್ನು ನಾನು ಬೇಗ ದಾಟಿದ್ದೆ, ಅವರಿಗೆ ಅದನ್ನು ಬಿಟ್ಟು ಮುಂದೆ ಹೋಗಲು ಆಗಿರಲಿಲ್ಲ. ಯಲಿಯೂರು ದಾಟಿ ಮಂಡ್ಯ ಬರುವವರೆಗೂ ಅದೇ ಮಾತು. ಅವರ ಮಗ ಏಳನೇ ಕ್ಲಾಸು, ಚಿತ್ರ ಬರೆಯುವ ಹುಡುಗ. ಅವನ ಜೊತೆ ಕೂತು ನೋಡಲಿ ಎಂದು ಈ ವಾರ 'ಭೀಮಾಯನ' ಕೊಟ್ಟಿದ್ದೇನೆ. ಗುಳ್ಳೆಗಳ ವಿಷಯ ಮೊದಲೇ ಹೇಳಿಕೊಡಬೇಡಿ, ಅವನೇ ಹುಡುಕಲಿ ಎಂದಿದ್ದೇನೆ.