ಒಬ್ಬರೇ ನಡೆಸುವ ಕಸುಬು: ರೇಟು ಹೇಳುವುದರಿಂದ ಬಾಕಿ ವಸೂಲಿಯವರೆಗೆ

ಬಡಗಿ, ದರ್ಜಿ, ಎಲೆಕ್ಟ್ರಿಷಿಯನ್, ಪ್ಲಂಬರ್, ಫೋಟೊಗ್ರಾಫರ್, ಅನುವಾದಕ. ಕಸುಬು ಯಾವುದಾದರೂ ಇರಲಿ, ಒಬ್ಬರೇ ಕೆಲಸ ಹಿಡಿದು, ಒಬ್ಬರೇ ಮಾಡಿ, ಒಬ್ಬರೇ ಹಣ ಕೇಳಬೇಕಾದವರ ಪಾಡು ಹೆಚ್ಚುಕಮ್ಮಿ ಒಂದೇ. ಕೈಕೆಲಸ ಚೆನ್ನಾಗಿದ್ದರೂ ಗಿರಾಕಿಯ ಜೊತೆ ಮನಸ್ತಾಪ ಬರುತ್ತದೆ. ಬಹುಪಾಲು ಜಗಳಗಳ ಬೇರು ಕೆಲಸ ಶುರುವಾಗುವ ಮುಂಚೆ ಬಾಯಿ ಬಿಟ್ಟು ಹೇಳದೆ ಉಳಿದ ಮಾತಿನಲ್ಲಿರುತ್ತದೆ. ಬಾಗಿಲಿನ ಒಳಮೈಗೂ ಪಾಲಿಶ್ ಉಂಟೋ ಇಲ್ಲವೋ, ಹಳೇ ಸಾಮಾನು ಸಾಗಿಸುವವರು ಯಾರು, ‘ಮುಂದಿನ ವಾರ’ ಎಂದರೆ ಸೋಮವಾರವೋ ಶನಿವಾರವೋ. ಆದ್ದರಿಂದ ಇಲ್ಲಿನ ಹಂತಗಳಲ್ಲಿ ಅರ್ಧದಷ್ಟು ಉಳಿ ಕೈಗೆತ್ತಿಕೊಳ್ಳುವ ಮೊದಲಿನವು.

ಮೊದಲು ಗಂಟೆಯ ಲೆಕ್ಕ

ವಾರಕ್ಕೆ 40 ಗಂಟೆ, ವರ್ಷಕ್ಕೆ 52 ವಾರ. ಒಟ್ಟು 2,080 ಗಂಟೆ. ಬೇಕಾದ ಆದಾಯವನ್ನು ಇದರಿಂದ ಭಾಗಿಸಿ ಗಂಟೆಯ ರೇಟು ಕಟ್ಟಿದರೆ ವರ್ಷದ ಕೊನೆಗೆ ಕೈ ಕಚ್ಚುವುದು ಖಂಡಿತ. ಹಬ್ಬ, ಕಾಯಿಲೆ, ರಜೆ, ಕೆಲಸವೇ ಇಲ್ಲದ ದಿನಗಳನ್ನು ಕಳೆದರೆ 46 ವಾರ ಉಳಿದರೆ ಹೆಚ್ಚು. ಆ ವಾರಗಳಲ್ಲೂ ಓಡಾಟ, ಅಳತೆ, ಫೋನು, ಸಾಮಾನು ತರುವುದು, ಬಿಲ್ ಬರೆಯುವುದು, ಸಲಕರಣೆ ಸರಿಮಾಡಿಕೊಳ್ಳುವುದು ಎಲ್ಲ ಸೇರಿ ಗಂಟೆಗಳನ್ನು ನುಂಗುತ್ತವೆ. ನೇರವಾಗಿ ಹಣ ಹುಟ್ಟುವ ಗಂಟೆ ವಾರಕ್ಕೆ 25 ಎಂದು ಇಟ್ಟುಕೊಂಡರೆ ವರ್ಷಕ್ಕೆ 1,150. ಸ್ವಂತಕ್ಕೆ ಬೇಕಾದ ಆದಾಯ, ಕಸುಬಿನ ಖರ್ಚು, ಸವೆಯುವ ಸಲಕರಣೆಗೆ ಎತ್ತಿಡುವ ಹಣ, ತೆರಿಗೆ ಈ ನಾಲ್ಕನ್ನೂ ಕೂಡಿಸಿ 1,150ರಿಂದ ಭಾಗಿಸಬೇಕು. ಬರುವ ರೇಟು ಮೊದಲಿನದರ 1.8 ಪಟ್ಟಿಗಿಂತಲೂ ಹೆಚ್ಚು. ನೋಡಿದವರಿಗೆ ದುಬಾರಿ ಅನ್ನಿಸಬಹುದು, ಆದರೆ ಲೆಕ್ಕ ಇರುವುದೇ ಹಾಗೆ.

ಚೌಕಾಸಿಗೂ ಲೆಕ್ಕವಿದೆ. 100 ರೇಟಿನ ಕೆಲಸದಲ್ಲಿ ಖರ್ಚು 70, ಲಾಭ 30 ಎನ್ನೋಣ. ‘ಹತ್ತು ಪರ್ಸೆಂಟ್ ಬಿಡಿ’ ಎಂದಾಗ ಒಪ್ಪಿದರೆ ಖರ್ಚು 70 ಹಾಗೇ ಇರುತ್ತದೆ, ಲಾಭ 20ಕ್ಕೆ ಇಳಿಯುತ್ತದೆ. ಅಷ್ಟೇ ಗಳಿಸಲು ಇನ್ನು ಒಂದೂವರೆ ಪಟ್ಟು ಕೆಲಸ ಮಾಡಬೇಕು. ಹಣ ಇಳಿಸಲೇಬೇಕಾದರೆ ಕೆಲಸವನ್ನೂ ಇಳಿಸುವುದು ಮೇಲು: ಡ್ರಾಯರ್ ಮೂರರ ಬದಲು ಎರಡು, ಫೋಟೊ ಆಲ್ಬಮ್ ಇಲ್ಲದೆ ಫೈಲ್ ಮಾತ್ರ. ಸುಮ್ಮನೆ ಬಿಟ್ಟುಕೊಟ್ಟರೆ ಮೊದಲು ಹೇಳಿದ ರೇಟೇ ಸುಳ್ಳು ಎಂದು ಗಿರಾಕಿಗೆ ಅನ್ನಿಸುತ್ತದೆ, ಮುಂದಿನ ಸಲ ಇಪ್ಪತ್ತು ಕೇಳುತ್ತಾರೆ.

ನೋಡದೆ ರೇಟು ಹೇಳಬಾರದು

ಫೋನಿನಲ್ಲಿ ಮೊದಲ ಪ್ರಶ್ನೆಯೇ ‘ಎಷ್ಟಾಗುತ್ತೆ?’. ಆಗ ಬಾಯಿಗೆ ಬಂದ ಅಂಕಿಯೇ ಕೊನೆಯವರೆಗೂ ಗಿರಾಕಿಯ ತಲೆಯಲ್ಲಿ ಕೂತಿರುತ್ತದೆ, ‘ಸುಮಾರು’ ಎಂದದ್ದು ಮರೆತುಹೋಗುತ್ತದೆ. ಏನು ಬೇಕು, ಎಲ್ಲಿ, ಯಾವಾಗ ಬೇಕು, ತೀರ್ಮಾನ ಮಾಡುವವರು ಯಾರು ಎಂದು ಕೇಳಿ, ಬಂದು ನೋಡುವ ದಿನ ಗೊತ್ತುಮಾಡಿಕೊಂಡರೆ ಸಾಕು. ನಾಲ್ಕನೆಯ ಪ್ರಶ್ನೆಯನ್ನು ಹಲವರು ಸಂಕೋಚದಿಂದ ಕೇಳುವುದಿಲ್ಲ. ಒಬ್ಬರು ಒಪ್ಪಿದ ಮೇಲೆ ಇನ್ನೊಬ್ಬರು ಬಂದು ‘ಇದು ಬೇಡ’ ಎನ್ನುವುದು ಅಲ್ಲಿಂದಲೇ.

ಹೋಗಿ ನೋಡುವುದು ಎಂದರೇನು ಎಂಬುದಕ್ಕೆ ಗೋಡೆಯ ಗೂಡಿಗೆ ಕೂರಿಸುವ ಬೀರು ಒಳ್ಳೆಯ ಉದಾಹರಣೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಗೋಡೆ ಎಲ್ಲ ಕಡೆ ಸಮ ಇರುವುದು ಅಪರೂಪ. ಮೂರರಲ್ಲಿ ಚಿಕ್ಕದನ್ನು ಹಿಡಿದು, ಅದರಿಂದ 5ರಿಂದ 10 ಮಿ.ಮೀ. ಬಿಡಬೇಕು. ಎರಡು ಕರ್ಣಗಳನ್ನೂ ಅಳೆದು ಹೋಲಿಸಬೇಕು. ವ್ಯತ್ಯಾಸ ಬಂದರೆ ಗೂಡಿನ ಮೂಲೆ ಮಟ್ಟವಾಗಿಲ್ಲ. ಪ್ಲಗ್ ಪಾಯಿಂಟ್ ಎಲ್ಲಿದೆ, ಬಾಗಿಲು ತೆರೆದರೆ ಮಂಚಕ್ಕೆ ತಾಗುತ್ತದೆಯೇ, ಮೆಟ್ಟಿಲ ತಿರುವಿನಲ್ಲಿ ಹಲಗೆ ಹಾಯುತ್ತದೆಯೇ ಎಂದೂ ನೋಡಬೇಕು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಎತ್ತರದಲ್ಲಿ. ಬೀರು 2,400 ಮಿ.ಮೀ. ಎತ್ತರ, 600 ಮಿ.ಮೀ. ಆಳ, ಚಾವಣಿ 2,450 ಮಿ.ಮೀ. ಎತ್ತರದಲ್ಲಿದೆ. ಐವತ್ತು ಮಿಲಿಮೀಟರ್ ಮಿಕ್ಕಿದೆಯಲ್ಲ ಎಂದು ಅದನ್ನು ನೆಲದ ಮೇಲೆ ಮಲಗಿಸಿ ಜೋಡಿಸಿದರೆ ಎತ್ತಿ ನಿಲ್ಲಿಸಲು ಆಗುವುದೇ ಇಲ್ಲ. ಏಳಿಸುವಾಗ ಮೂಲೆಯಿಂದ ಮೂಲೆಗೆ 2,474 ಮಿ.ಮೀ. ಜಾಗ ಬೇಕು, ಮೇಲಿನ ಮೂಲೆ ಚಾವಣಿಗೆ ಕಚ್ಚಿಕೊಳ್ಳುತ್ತದೆ. ನಿಲ್ಲಿಸಿಕೊಂಡೇ ಜೋಡಿಸಬೇಕು, ಇಲ್ಲವೇ ಎರಡು ಭಾಗ ಮಾಡಬೇಕು. ಎರಡಕ್ಕೂ ಕೂಲಿ ಬೇರೆ. ಇದು ಗೊತ್ತಾಗಬೇಕಾದದ್ದು ರೇಟು ಹೇಳುವ ಮೊದಲು.

ಪ್ರತಿ ಕಸುಬಿಗೂ ಇಂಥದ್ದೊಂದು ಚಾವಣಿ ಇದ್ದೇ ಇರುತ್ತದೆ. ದರ್ಜಿಗೆ ಒಗೆದ ಮೇಲೆ ಕುಗ್ಗುವ ಬಟ್ಟೆ, ಅನುವಾದಕರಿಗೆ ಚಿತ್ರದೊಳಗೆ ಅಚ್ಚಾಗಿರುವ ಅಕ್ಷರ.

ಕೊಟೇಶನ್‌ನಲ್ಲಿ ‘ಸೇರಿಲ್ಲ’ ಎಂಬ ಪಟ್ಟಿ

ಏನೇನು ಸೇರಿದೆ ಎಂದು ಎಲ್ಲರೂ ಬರೆಯುತ್ತಾರೆ. ಏನೇನು ಸೇರಿಲ್ಲ ಎಂದು ಬರೆಯುವವರು ಕಡಿಮೆ, ಜಗಳ ಉಳಿಸುವುದು ಮಾತ್ರ ಆ ಎರಡನೆಯ ಪಟ್ಟಿ. ಒಂದು ಪುಟ ಸಾಕು, ಫೋನಿನ ಮೆಸೇಜ್ ಆದರೂ ಸರಿ. ಬೀರುವಿನದೇ ಆದರೆ ಹೀಗೆ:

‘ಅಗಲ 1,790, ಎತ್ತರ 2,400, ಆಳ 600 ಮಿ.ಮೀ. ಪೆಟ್ಟಿಗೆ 18 ಮಿ.ಮೀ. ಪ್ಲೈವುಡ್, ಹಿಂಬದಿ 6 ಮಿ.ಮೀ. ನಾಲ್ಕು ಬಾಗಿಲು, ಮೂರು ಡ್ರಾಯರ್. ಒಳಗೂ ಹೊರಗೂ ಲ್ಯಾಮಿನೇಟ್. ಬಣ್ಣದ ನಂಬರ್ ನೀವು ಆರಿಸಿ ಸಹಿ ಮಾಡಿದ್ದು. ಸೇರಿಲ್ಲ: ಹಳೇ ಬೀರು ಬಿಚ್ಚಿ ಸಾಗಿಸುವುದು, ವೈರಿಂಗ್, ಗೋಡೆಯ ಗಾರೆ, ಬಣ್ಣ. ಈ ರೇಟು 15 ದಿನಕ್ಕೆ ಮಾತ್ರ. ಹಿಂಜ್ ಮತ್ತು ಜೋಡಣೆಗೆ ಒಂದು ವರ್ಷ ಖಾತರಿ. ನೀರು ತಾಗಿ ಉಬ್ಬಿದರೆ ಖಾತರಿ ಇಲ್ಲ.’

ಹದಿನೈದು ದಿನದ ಗಡುವು ಯಾಕೆಂದರೆ ಸಾಮಾನಿನ ಬೆಲೆ ಏರುತ್ತಿರುತ್ತದೆ, ಗಿರಾಕಿ ಮೂರು ತಿಂಗಳು ಬಿಟ್ಟು ಹಳೇ ಕಾಗದ ಹಿಡಿದು ಬರುತ್ತಾರೆ.

ಅಡ್ವಾನ್ಸ್ ಎಷ್ಟು? ಸಾಮಾನಿನ ಖರ್ಚು ಪೂರ್ತಿ ಬರುವಷ್ಟು, ಅದಕ್ಕಿಂತ ಕಡಿಮೆ ಬೇಡ. ಒಟ್ಟು ಮೊತ್ತದ ನೂರು ಪಾಲಿನಲ್ಲಿ ಸಾಮಾನೇ 45 ಪಾಲು ಇರುವಾಗ 30 ಪಾಲು ಅಡ್ವಾನ್ಸ್ ಪಡೆದರೆ ಉಳಿದ 15 ಪಾಲನ್ನು ಗಿರಾಕಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ. ಮುಂಚೆ 50, ಸಾಮಾನು ಜೋಡಿಸುವ ದಿನ 35, ಒಪ್ಪಿಸಿದ ಮೇಲೆ 15 ಎಂಬ ಹಂಚಿಕೆ ಇಂಥ ಕೆಲಸಕ್ಕೆ ಹೊಂದುತ್ತದೆ. ಕೊನೆಯ ಕಂತು ದೊಡ್ಡದಾಗಿದ್ದರೆ ಅದನ್ನು ತಡೆಹಿಡಿಯುವ ಆಸೆ ಹುಟ್ಟುತ್ತದೆ. ಪೂರ್ತಿ ಹಣ ಮುಂಚೆಯೇ ಕೇಳಿದರೂ ತಪ್ಪು. ಗಿರಾಕಿಯ ಕೈಯಲ್ಲೂ ಒಂದು ಹಿಡಿತ ಇರಬೇಕು, ಆಗಲೇ ಅವರಿಗೆ ಧೈರ್ಯ.

ದಿನ ಹೇಳುವ ಲೆಕ್ಕ

ಸಿಡ್ನಿಯ ಒಪೆರಾ ಹೌಸ್ 1963ಕ್ಕೆ ಮುಗಿಯಬೇಕಿತ್ತು. ಬಾಗಿಲು ತೆರೆದದ್ದು 1973ರಲ್ಲಿ. ಹಿಂದಿನ ಕೆಲಸಗಳೆಲ್ಲ ತಡವಾದದ್ದು ಗೊತ್ತಿದ್ದೂ ಈ ಸಲ ಬೇಗ ಮುಗಿಯುತ್ತದೆ ಎಂದೇ ಮನುಷ್ಯರು ಲೆಕ್ಕ ಹಾಕುತ್ತಾರೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೊಸ್ ಟ್ವರ್‌ಸ್ಕಿ 1979ರಲ್ಲಿ ತೋರಿಸಿಕೊಟ್ಟರು. ದೊಡ್ಡ ದೊಡ್ಡ ಎಂಜಿನಿಯರುಗಳ ಪಾಡೇ ಹೀಗಿರುವಾಗ ಒಂಟಿ ಕಸುಬುದಾರರು ಊಹೆ ನಂಬಿ ವಾಯಿದೆ ಹೇಳುವುದು ಬೇಡ.

ಅಮೆರಿಕದ ನೌಕಾಪಡೆ 1950ರ ದಶಕದ ಕೊನೆಯಲ್ಲಿ ಪೊಲಾರಿಸ್ ಕ್ಷಿಪಣಿ ಯೋಜನೆಗೆ ಬಳಸಿದ ಸರಳ ಸೂತ್ರವೊಂದಿದೆ. ಎಲ್ಲ ಸುಸೂತ್ರ ನಡೆದರೆ ಎಷ್ಟು ಹೊತ್ತು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೈಕೊಟ್ಟರೆ ಎಷ್ಟು ಎಂದು ಮೂರು ಅಂಕಿ ಬರೆದುಕೊಳ್ಳಬೇಕು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. 4, 6, 14 ಗಂಟೆ ಎಂದಾದರೆ 4 + 24 + 14 = 42; ಭಾಗಿಸಿದರೆ 7. ಇದು ಕೆಲಸದ ಗಂಟೆ ಮಾತ್ರ. ಕೈಯಲ್ಲಿ ಈಗಾಗಲೇ ಹಿಡಿದಿರುವ ಕೆಲಸಗಳ ಗಂಟೆ ಸೇರಿಸಿ, ದಿನಕ್ಕೆ ಐದು ಗಂಟೆಯಂತೆ ಹಂಚಿ, ಬರುವ ತಾರೀಖನ್ನು ಹೇಳಬೇಕು. ಎಂಟು ಗಂಟೆಯಂತೆ ಹಂಚಿದರೆ ತಾರೀಖು ಖಂಡಿತ ತಪ್ಪುತ್ತದೆ.

ತಡವಾಗುವುದು ಗೊತ್ತಾದ ಕೂಡಲೇ ಹೇಳಬೇಕು, ಗಿರಾಕಿ ಕರೆ ಮಾಡುವವರೆಗೆ ಕಾಯಬಾರದು. ಎಷ್ಟು ಹೊತ್ತು ಎಂದು ಗೊತ್ತಿರುವ ಕಾಯುವಿಕೆಗಿಂತ ಗೊತ್ತಿಲ್ಲದ ಕಾಯುವಿಕೆ ಉದ್ದ ಅನ್ನಿಸುತ್ತದೆ. ಕಾರಣ ತಿಳಿಯದಿದ್ದರಂತೂ ಇನ್ನೂ ಉದ್ದ. ‘ಹಿಂಜ್ ನಾಳೆ ಬರುತ್ತದೆ, ಗುರುವಾರ ಹನ್ನೊಂದಕ್ಕೆ ಬಂದು ಕೂರಿಸುತ್ತೇನೆ’ ಎಂದರೆ ಎರಡೂ ಮುಗಿಯಿತು. ಹೊಸ ವಾಯಿದೆಯನ್ನು ತುಸು ದೂರವೇ ಇಡಬೇಕು. ಒಂದು ಸಲ ತಪ್ಪಿದರೆ ಜನ ಸಹಿಸುತ್ತಾರೆ, ಎರಡನೆಯ ಸಲ ತಪ್ಪಿದರೆ ಕಾರಣ ಎಷ್ಟು ನಿಜವಾದರೂ ನೆಪವಾಗಿಯೇ ಕೇಳಿಸುತ್ತದೆ.

‘ಹೇಗೂ ಬಂದಿದ್ದೀರಲ್ಲ...’

‘...ಇದನ್ನೂ ಒಂಚೂರು ನೋಡಿಬಿಡಿ.’ ಸ್ವಂತ ಕಸುಬಿನವರ ಲಾಭವನ್ನು ಈ ಒಂದು ಮಾತಿನಷ್ಟು ಯಾವುದೂ ತಿಂದಿರಲಿಕ್ಕಿಲ್ಲ. ಮುಲಾಜಿಗೆ ಬಿದ್ದು ಮಾಡಿದರೆ ಹೊತ್ತು ಹೋಗುತ್ತದೆ, ಮುಖ ಗಂಟಿಕ್ಕಿದರೆ ಗಿರಾಕಿ ಹೋಗುತ್ತಾರೆ. ಹೀಗೆ ಗೆರೆ ಎಳೆದುಕೊಳ್ಳಬಹುದು: ಹತ್ತು ನಿಮಿಷದೊಳಗೆ ಮುಗಿಯುವ, ಸಾಮಾನು ಬೇಡದ ಕೆಲಸವನ್ನು ಮಾಡಿಕೊಡುವುದು, ಆದರೆ ಬಿಲ್ಲಿನಲ್ಲಿ ಅದನ್ನು ಬರೆದು ಮುಂದೆ ಸೊನ್ನೆ ಹಾಕುವುದು. ಬರೆಯದೆ ಬಿಟ್ಟ ಉಪಕಾರ ಯಾರಿಗೂ ನೆನಪಿರುವುದಿಲ್ಲ, ಮುಂದಿನ ಸಲ ಅದು ಹಕ್ಕಾಗುತ್ತದೆ. ಹತ್ತು ನಿಮಿಷ ದಾಟುವುದಾದರೆ ಕೈ ತಡೆದು ಮೆಸೇಜ್ ಕಳಿಸಬೇಕು. ಏನು ಕೆಲಸ, ಎಷ್ಟು ಹಣ, ಎಷ್ಟು ದಿನ ಹೆಚ್ಚು ಎಂಬ ಮೂರು ವಿಷಯ ಸಾಕು. ‘ಸರಿ’ ಎಂಬ ಉತ್ತರ ಬಂದ ಮೇಲೆ ಶುರು. ಎದುರಿಗೇ ನಿಂತವರಿಗೆ ಮೆಸೇಜ್ ಕಳಿಸುವುದು ಒಂಥರಾ ಅನ್ನಿಸುತ್ತದೆ, ನಿಜ. ‘ನನಗೇ ಮರೆತುಹೋಗುತ್ತದೆ, ಅದಕ್ಕೆ’ ಎಂದರೆ ಯಾರೂ ಬೇಸರಪಡುವುದಿಲ್ಲ.

ಒಪ್ಪಿಸುವ ಹೊತ್ತು

ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನ ಒಮ್ಮೆ 60 ಸೆಕೆಂಡು 14 ಡಿಗ್ರಿಯ ತಣ್ಣೀರಿನಲ್ಲಿ ಕೈ ಅದ್ದಿದರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡು ಇಟ್ಟುಕೊಂಡರು. ಆ ಹೊತ್ತಿನಲ್ಲಿ ನೀರು ಮೆಲ್ಲಗೆ 15 ಡಿಗ್ರಿಗೆ ಏರುತ್ತಿತ್ತು. ಮತ್ತೆ ಯಾವುದಕ್ಕೆ ಸಿದ್ಧ ಎಂದಾಗ ಹೆಚ್ಚಿನವರು ಆರಿಸಿದ್ದು ಉದ್ದನೆಯದನ್ನೇ. ಕೊನೆ ಹೇಗಿತ್ತೋ ನೆನಪೂ ಹಾಗೆ ಕೂರುತ್ತದೆ. ನಾಲ್ಕು ದಿನ ಅಚ್ಚುಕಟ್ಟಾಗಿ ದುಡಿದು ಕೊನೆಗೆ ಮರದ ಹೊಟ್ಟನ್ನು ನೆಲದಲ್ಲೇ ಬಿಟ್ಟು ಹೊರಟರೆ ಗಿರಾಕಿ ನೆನೆಸಿಕೊಳ್ಳುವುದು ಆ ಹೊಟ್ಟನ್ನೇ.

ಕೊನೆಯ ಅರ್ಧ ಗಂಟೆಯನ್ನು ಕೆಲಸದ ಲೆಕ್ಕದಲ್ಲೇ ಸೇರಿಸಬೇಕು. ಗುಡಿಸಿ ಒರೆಸುವುದು, ಬಿಚ್ಚಿದ ಹಳೇ ಬಿಡಿಭಾಗವನ್ನು ತೋರಿಸಿ ಒಪ್ಪಿಸುವುದು, ಪ್ರತಿ ಬಾಗಿಲನ್ನೂ ಡ್ರಾಯರನ್ನೂ ಗಿರಾಕಿಯ ಕೈಯಿಂದಲೇ ತೆರೆಸಿ ಮುಚ್ಚಿಸುವುದು. ನೀವೇ ತೆರೆದು ತೋರಿಸಿದರೆ ಅವರು ಬರೀ ನೋಡುತ್ತಾರೆ. ತಮ್ಮ ಕೈಯಿಂದ ತೆರೆದರೆ ಬಿಗಿ ಇದ್ದದ್ದು ಅಲ್ಲೇ ಗೊತ್ತಾಗುತ್ತದೆ, ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಬಟ್ಟೆ ತುಂಬಿದ ಮೇಲೆ ಬಾಗಿಲು ಒಂದೆರಡು ಮಿಲಿಮೀಟರ್ ವಾಲುವುದು ಸಹಜ, ಮೂರು ವಾರ ಬಿಟ್ಟು ಬಂದು ಹಿಂಜ್ ಸರಿಪಡಿಸುತ್ತೇನೆ ಎಂದು ಆಗಲೇ ಹೇಳಿಬಿಡಬೇಕು. ಮೊದಲೇ ಹೇಳಿದರೆ ಅದು ಸೇವೆ; ಅವರು ಕರೆ ಮಾಡಿದ ಮೇಲೆ ಹೇಳಿದರೆ ಸಬೂಬು.

ದೂರು ಬಂದರೆ

ನೋಡುವ ಮೊದಲು ಕಾರಣ ಹೇಳಬಾರದು. ‘ನೀವು ನೀರು ಹಾಕಿರಬೇಕು’ ಎಂದು ಫೋನಿನಲ್ಲೇ ಅಂದುಬಿಟ್ಟರೆ, ಆಮೇಲೆ ಅದೇ ನಿಜವೆಂದು ಗೊತ್ತಾದರೂ ಅವರು ಒಪ್ಪುವುದಿಲ್ಲ. ಪೂರ್ತಿ ಕೇಳಿಸಿಕೊಂಡು, ಫೋಟೊ ತರಿಸಿಕೊಂಡು, ಎರಡು ದಿನದೊಳಗೆ ಹೋಗಿ ನೋಡಬೇಕು. ನಿಮ್ಮ ತಪ್ಪಾದರೆ ವಾದ ಬೇಡ, ಸರಿಮಾಡಿ ಬರುವುದು. ಸಾಮಾನಿನ ದೋಷವಾದರೂ ಗಿರಾಕಿಗೆ ಉತ್ತರ ಹೇಳಬೇಕಾದವರು ನೀವೇ. ಅಂಗಡಿಯವರ ಹತ್ತಿರ ಹೋಗಿ ಎನ್ನದೆ ನೀವೇ ಬದಲಿಸಿಕೊಟ್ಟು, ಅಂಗಡಿಯವರ ಜೊತೆ ಆಮೇಲೆ ಬಗೆಹರಿಸಿಕೊಳ್ಳಬೇಕು. ಬಳಕೆಯಿಂದ ಕೆಟ್ಟದ್ದಾದರೆ ಕೊಟೇಶನ್‌ನಲ್ಲಿ ಬರೆದ ಖಾತರಿಯ ಸಾಲು ತೋರಿಸಿ, ರಿಪೇರಿಗೆ ಎಷ್ಟು ಎಂದು ಮೆಲುದನಿಯಲ್ಲಿ ಹೇಳಬೇಕು.

ಗ್ರಾಹಕ ಹೇಳಿದ್ದೇ ಸರಿ ಎಂಬ ಮಾತು ಪ್ರಚಾರಕ್ಕೆ ಬಂದದ್ದು ನೂರಾರು ಸಿಬ್ಬಂದಿಯಿದ್ದ ದೊಡ್ಡ ಮಳಿಗೆಗಳಿಂದ. 1909ರಲ್ಲಿ ಲಂಡನ್ನಿನಲ್ಲಿ ಮಳಿಗೆ ತೆರೆದ ಹ್ಯಾರಿ ಗಾರ್ಡನ್ ಸೆಲ್ಫ್‌ರಿಜ್ ಹೆಸರು ಅದಕ್ಕೆ ಅಂಟಿಕೊಂಡಿದೆ. ಸಾವಿರ ಗ್ರಾಹಕರಲ್ಲಿ ಒಬ್ಬರ ತಕರಾರಿಗೆ ಹಣ ವಾಪಸ್ ಕೊಟ್ಟರೆ ಅವರಿಗೆ ಏನೂ ಆಗದು. ತಿಂಗಳಿಗೆ ನಾಲ್ಕು ಕೆಲಸ ಮಾಡುವವರು ಹಾಗೆ ಮಾಡಿದರೆ ಕಾಲು ಭಾಗ ದುಡಿಮೆಯೇ ಹೋಯಿತು.

ಬಿಲ್, ಬಾಕಿ, ತಗಾದೆ

ಒಪ್ಪಿಸಿದ ದಿನವೇ ಬಿಲ್ ಹೋಗಬೇಕು. ಒಂದು ವಾರ ಬಿಟ್ಟು ಕಳಿಸಿದರೆ ನಿಮಗೇ ಅವಸರವಿಲ್ಲ ಎಂದು ಅರ್ಥ. ಯಾವ ತಾರೀಖಿನೊಳಗೆ ಕೊಡಬೇಕು ಎಂಬುದನ್ನು ಅದರಲ್ಲೇ ಬರೆಯಬೇಕು. ಆ ತಾರೀಖು ದಾಟಿ ಮೂರನೇ ದಿನ ಒಂದು ಮೆಸೇಜ್: ‘ಬೀರುವಿನ ಕೊನೆಯ ಕಂತು ಇನ್ನೂ ಬಂದಿಲ್ಲ, ಬಿಲ್ ಮತ್ತೆ ಕಳಿಸಿದ್ದೇನೆ, ನೋಡಿ.’ ಹತ್ತನೇ ದಿನ ಫೋನು. ಯಾವ ದಿನ ಕೊಡುತ್ತೀರಿ ಎಂದು ಕೇಳಿ, ಅವರು ಹೇಳಿದ ದಿನವನ್ನು ಅವರಿಗೇ ಮೆಸೇಜ್ ಮಾಡಿ ಗಟ್ಟಿ ಮಾಡಿಕೊಳ್ಳಬೇಕು. ಇಪ್ಪತ್ತನೇ ದಿನ ಸಹಿ ಹಾಕಿದ ಪತ್ರ. ಪ್ರತಿ ಸಲವೂ ಮೊತ್ತ, ತಾರೀಖು, ಬಿಲ್ ನಂಬರ್ ಮಾತ್ರ. ಮನೆಯ ಕಷ್ಟ, ಮಕ್ಕಳ ಫೀಸು ಬೇಡ. ಹಣ ಕೇಳುವುದಕ್ಕೆ ಕೆಲಸ ಮುಗಿದಿದೆ ಎಂಬುದಷ್ಟೇ ಕಾರಣ.

ಕೆಲವರು ಬಾಕಿ ಇಟ್ಟುಕೊಂಡೇ ಇನ್ನೊಂದು ಕೆಲಸ ಹೇಳುತ್ತಾರೆ, ಎರಡೂ ಸೇರಿಸಿ ಕೊಡುತ್ತೇನೆ ಎನ್ನುತ್ತಾರೆ. ‘ಅದು ಚುಕ್ತಾ ಆದ ದಿನವೇ ಇದರ ಅಳತೆಗೆ ಬರುತ್ತೇನೆ’ ಎಂದು ನಗುಮುಖದಿಂದಲೇ ಹೇಳಿ ಹೊರಡಬೇಕು. ಟೇಪು ಚೀಲದಿಂದ ಹೊರಗೆ ತೆಗೆಯಬಾರದು.