ಗೋಲ್ಡನ್ ಚಾರಿಯಟ್ ಹತ್ತುವ ಮುನ್ನ: ಬುಕಿಂಗ್‌ನಿಂದ ಹಂಪಿಯ ಕಲ್ಲಿನ ರಥದವರೆಗೆ

ಬೆಂಗಳೂರಿನಿಂದ ಹೊರಡುವ ಐಷಾರಾಮಿ ಪ್ರವಾಸಿ ರೈಲು ಗೋಲ್ಡನ್ ಚಾರಿಯಟ್ ಹೆಚ್ಚಾಗಿ ರಾತ್ರಿ ಓಡುತ್ತದೆ, ಹಗಲು ನಿಲ್ಲುತ್ತದೆ. ನಿಂತಲ್ಲಿಂದ ಎ.ಸಿ. ಬಸ್ಸು ಹತ್ತಿ ಊರು ನೋಡಿ ಬರಬೇಕು. ಬೋಗಿಯ ಸೊಗಸು ಸೊಗಸೇ, ಆದರೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಹಳೇಬೀಡಿನಲ್ಲಿ, ಹಂಪಿಯಲ್ಲಿ ಕೈಗೆ ಸಿಗುವ ಕೆಲವೇ ಗಂಟೆಗಳಲ್ಲಿ. ಆ ಗಂಟೆಗಳು ಪೋಲಾಗದಂತೆ ನೋಡಿಕೊಳ್ಳುವ ಕೆಲಸ ಮನೆಯಿಂದಲೇ ಶುರುವಾಗುತ್ತದೆ.

ಮೊದಲು ಪ್ರಯಾಣಪಟ್ಟಿ

2008ರಲ್ಲಿ ರಾಜ್ಯದ ಪ್ರವಾಸೋದ್ಯಮ ನಿಗಮ ಕೆಎಸ್‌ಟಿಡಿಸಿ ಆರಂಭಿಸಿದ ಈ ರೈಲನ್ನು ಈಗ ನಡೆಸುತ್ತಿರುವುದು ರೈಲ್ವೆಯ ಪ್ರವಾಸೋದ್ಯಮ ಸಂಸ್ಥೆ ಐಆರ್‌ಸಿಟಿಸಿ. ‘ಪ್ರೈಡ್ ಆಫ್ ಕರ್ನಾಟಕ’ ಐದು ರಾತ್ರಿಯದು: ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪಿ, ಗೋವಾ. ‘ಜ್ಯುವೆಲ್ಸ್ ಆಫ್ ಸೌತ್’ ತಮಿಳುನಾಡು, ಕೇರಳದ ಕಡೆಗೆ ಹೋಗುತ್ತದೆ. ಮೂರು ರಾತ್ರಿಯ ‘ಗ್ಲಿಂಪ್ಸಸ್ ಆಫ್ ಕರ್ನಾಟಕ’ ಮೈಸೂರು, ಹಂಪಿ ಮುಟ್ಟಿ ವಾಪಸಾಗುತ್ತದೆ. ನಮ್ಮ ನಾಡಿನ ಇತಿಹಾಸಕ್ಕೆಂದೇ ಹೊರಡುವವರು ಮೊದಲನೆಯದನ್ನೇ ಹಿಡಿಯುವುದು ಒಳ್ಳೆಯದು. ಆದರೆ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಿಂದೆ ಇದ್ದ ಪಟ್ಟದಕಲ್ಲು, ಐಹೊಳೆ ನಿಮ್ಮ ತಾರೀಖಿನ ಪಟ್ಟಿಯಲ್ಲಿ ಇವೆಯೋ ಇಲ್ಲವೋ ನೋಡದೆ ಮುಂಗಡ ಕಟ್ಟಬೇಡಿ. ಹಳೆಯ ಲೇಖನ ಓದಿ ಬುಕ್ ಮಾಡಿದವರಿಗೆ ನಿರಾಸೆಯಾಗುವುದು ಇಲ್ಲೇ.

ರೈಲು ಓಡುವುದು ಸುಮಾರಾಗಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಡಿಸೆಂಬರ್, ಜನವರಿ ಸಿಕ್ಕರೆ ಬಿಡಬೇಡಿ. ಮಾರ್ಚ್ ಹೊತ್ತಿಗೆ ಹಂಪಿಯ ಬಂಡೆ ಕಾಯಲು ಶುರುವಾಗಿರುತ್ತದೆ.

ಖರ್ಚಿನ ಲೆಕ್ಕ

2024ರ ಡಿಸೆಂಬರ್‌ನಲ್ಲಿ ರೈಲು ಮತ್ತೆ ಹೊರಟಾಗ ಐದು ರಾತ್ರಿಯ ಪ್ರವಾಸಕ್ಕೆ ಪ್ರಕಟವಾದ ದರ ತಲೆಗೆ 4,00,530 ರೂಪಾಯಿ, ಮೇಲೆ 5% ಜಿಎಸ್‌ಟಿ. ತೆರಿಗೆ ಸೇರಿ ಒಬ್ಬರಿಗೆ 4,20,556.50, ಗಂಡ–ಹೆಂಡತಿ ಹೋದರೆ 8,41,113 ರೂಪಾಯಿ. ನೀವು ಹೊರಡುವ ವರ್ಷದ ದರವನ್ನು ಐಆರ್‌ಸಿಟಿಸಿಯಲ್ಲೇ ಕೇಳಿ, ಜಾಹೀರಾತಿನ ಅಂಕಿಗೆ ತೆರಿಗೆ ಸೇರಿದೆಯೇ ಎಂಬುದನ್ನೂ ಕೇಳಿ. ಊಟ–ತಿಂಡಿ, ಬಸ್ಸು, ಗೈಡ್, ಸ್ಮಾರಕಗಳ ಪ್ರವೇಶ ಶುಲ್ಕ ಇದರೊಳಗೇ ಬರುತ್ತವೆ. ಸ್ಪಾ, ಬಟ್ಟೆ ಒಗೆತ, ಟಿಪ್ಸ್ ಬೇರೆ. ಒಬ್ಬರೇ ಒಂದು ಕ್ಯಾಬಿನ್ ಹಿಡಿದರೆ ಹೆಚ್ಚುವರಿ ಕೊಡಬೇಕು. ರದ್ದತಿಯ ನಿಯಮವನ್ನು ಬರಹದಲ್ಲಿ ತರಿಸಿಕೊಳ್ಳಿ.

ಕ್ಯಾಬಿನ್ ಕೇಳುವ ಬಗೆ

ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ರಾಜವಂಶಗಳ ಹೆಸರಿರುವ ಬೋಗಿಗಳಲ್ಲಿ ತಲಾ ನಾಲ್ಕು ಕ್ಯಾಬಿನ್‌ಗಳಿವೆ. ಬೋಗಿಯ ಚಕ್ರಗಳಿರುವುದು ಎರಡೂ ತುದಿಯ ಅಡಿಯಲ್ಲಿ. ಹಳಿ ಬದಲಿಸುವ ಪಾಯಿಂಟ್ ದಾಟುವಾಗಿನ ಗಡಗಡ, ಬ್ರೇಕಿನ ಸದ್ದು, ಕುಲುಕಾಟ ತುದಿಯ ಕ್ಯಾಬಿನ್‌ಗಳಿಗೇ ಹೆಚ್ಚು. ಆದ್ದರಿಂದ ನಡುವಿನ ಎರಡರಲ್ಲಿ ಒಂದನ್ನು ಕೇಳಿ. ವಿದ್ಯುತ್ತಿಗಾಗಿ ರಾತ್ರಿಯಿಡೀ ಜನರೇಟರ್ ಓಡಿಸುವ ಪವರ್ ಕಾರ್ ಪಕ್ಕದ ಬೋಗಿಯೂ ಬೇಡ. ನಿದ್ದೆಗೆಟ್ಟವರಿಗೆ ಮರುದಿನ ಯಾವ ಶಿಲ್ಪವೂ ಕಣ್ಣಿಗೆ ಹತ್ತುವುದಿಲ್ಲ. ಕೆಲವು ಕ್ಯಾಬಿನ್‌ಗಳಲ್ಲಿ ಒಂದೇ ದೊಡ್ಡ ಮಂಚ, ಹೆಚ್ಚಿನವುಗಳಲ್ಲಿ ಬೇರೆ ಬೇರೆ ಎರಡು ಮಂಚ. ಯಾವುದು ಬೇಕೆಂದು ಬುಕಿಂಗ್ ಹೊತ್ತಿನಲ್ಲೇ ಹೇಳಿ. ಅಂಗವಿಕಲರಿಗೆಂದು ಇರುವುದು ಒಂದೇ ಕ್ಯಾಬಿನ್, ಅದನ್ನು ಆದಷ್ಟು ಮೊದಲೇ ಕಾಯ್ದಿರಿಸಿ.

ಗಟ್ಟಿ ಸೂಟ್‌ಕೇಸ್ ತಂದರೆ ಓಡಾಡುವ ಜಾಗವೆಲ್ಲ ಅದಕ್ಕೇ ಹೋಗುತ್ತದೆ, ಮೆತ್ತನೆಯ ಬ್ಯಾಗ್ ಸಾಕು. ದಪ್ಪ ಹತ್ತಿಯ ಕಾಲುಚೀಲ ಮೂರು ಜೊತೆ, ಲೇಸ್ ಇಲ್ಲದ ಚಪ್ಪಲಿ, ಟೋಪಿ, ಚಿಕ್ಕ ಟಾರ್ಚ್, ಸಾಧ್ಯವಿದ್ದರೆ ಒಂದು ದುರ್ಬೀನು ಇಟ್ಟುಕೊಳ್ಳಿ. ಸ್ನಾನವನ್ನು ರೈಲು ನಿಂತಿರುವಾಗ ಮುಗಿಸಿ. ಓಡುವಾಗ ಕಾಲು ಜಾರುವುದು ಸುಲಭ.

ಹತ್ತುವ ದಿನ

ಬೆಂಗಳೂರಿಗೆ ಹಿಂದಿನ ದಿನವೇ ಬಂದಿರಿ. ವಿಮಾನ ತಡವಾಯಿತೆಂದು ರೈಲು ಕಾಯುವುದಿಲ್ಲ. ವೋಚರ್‌ನಲ್ಲಿ ನಿಲ್ದಾಣದ ಹೆಸರನ್ನು ಎರಡು ಸಲ ಓದಿ: ಯಶವಂತಪುರ, ಕೆಎಸ್‌ಆರ್, ಎಸ್‌ಎಂವಿಟಿ ಮೂರೂ ಬೇರೆ ಬೇರೆ. ಸಂಜೆಯ ಟ್ರಾಫಿಕ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಓಡಿ ರೈಲು ಹಿಡಿಯುವುದು ಆಗದ ಮಾತು. ಮೂಲ ಗುರುತಿನ ಚೀಟಿ ಕೈಯಲ್ಲೇ ಇರಲಿ.

ಹಳೇಬೀಡು: ಕೆಳಗಿನಿಂದ ಮೇಲಕ್ಕೆ ಓದಿ

ಹೊಯ್ಸಳೇಶ್ವರ ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟೇ ಜಗತಿ, ಅಂದರೆ ಗುಡಿ ನಿಂತಿರುವ ಕಲ್ಲಿನ ಕಟ್ಟೆ, ಹತ್ತಬೇಕು. ಮಧ್ಯಾಹ್ನವಾದರೆ ಕಲ್ಲು ಅಂಗಾಲು ಸುಡುತ್ತದೆ. ಕಾಲುಚೀಲ ಇಲ್ಲದವರು ಅರ್ಧ ಸುತ್ತಿಗೇ ವಾಪಸ್ ಬರುತ್ತಾರೆ. ದೊಡ್ಡ ವಿಗ್ರಹಗಳತ್ತ ಕತ್ತೆತ್ತುವ ಮೊದಲು ಒಂದು ಕಡೆ ಕುಕ್ಕರಗಾಲಲ್ಲಿ ಕುಳಿತು ಗೋಡೆಯ ಬುಡ ನೋಡಿ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಆಮೇಲೆ ರಾಮಾಯಣ–ಮಹಾಭಾರತದ ಕತೆಗಳು, ಅದರ ಮೇಲೆ ಮಕರ, ಹಂಸ. ಪ್ರದಕ್ಷಿಣೆಯಾಗಿ ನಡೆಯುತ್ತಾ ಕತೆಯ ಪಟ್ಟಿಕೆಯೊಂದನ್ನೇ ಹಿಂಬಾಲಿಸಿದರೂ ಹೊತ್ತು ಹೋದದ್ದು ತಿಳಿಯುವುದಿಲ್ಲ. ಇಷ್ಟು ನಯವಾದ ಕೆತ್ತನೆ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆಲ್ಲ ಗಟ್ಟಿ. ಒಳಗೆ ಕತ್ತಲು, ಟಾರ್ಚ್ ಬೇಕಾಗುವುದು ಆಗಲೇ. ಪಕ್ಕದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಮೈಸೂರಿನ ಬಗ್ಗೆ ಒಂದೇ ಮಾತು: ಆ ದಿನ ಭಾನುವಾರವಾಗಿದ್ದರೆ ಸಂಜೆ ಏಳಕ್ಕೆ ಅರಮನೆಯ ದೀಪ ಹೊತ್ತಿಕೊಳ್ಳುವಾಗ ಅಂಗಳದಲ್ಲಿರಿ.

ಹಂಪಿ: ಕ್ರಮ ಬದಲಿಸಲು ಕೇಳಿ

ಹೊಸಪೇಟೆ ನಿಲ್ದಾಣದಿಂದ ಹಂಪಿಗೆ ಸುಮಾರು 13 ಕಿ.ಮೀ. ರೈಲು ತಡವಾಗಿ ಬಂದರೆ ಮೊದಲು ಕತ್ತರಿ ಬೀಳುವುದು ಇಲ್ಲಿನ ಸಮಯಕ್ಕೆ. ಹಿಂದಿನ ರಾತ್ರಿಯೇ ಟೂರ್ ಮ್ಯಾನೇಜರ್ ಹತ್ತಿರ ಎರಡು ವಿಷಯ ಮಾತಾಡಿಕೊಳ್ಳಿ. ವಿಜಯ ವಿಠ್ಠಲ ದೇವಸ್ಥಾನ ಬೆಳಗ್ಗೆ ಮೊದಲು ಅಥವಾ ಸಂಜೆ ಕೊನೆಗೆ ಬರಲಿ, ನಡು ಮಧ್ಯಾಹ್ನ ಬೇಡ. ವಾಹನ ನಿಲ್ಲಿಸುವ ಕಡೆಯಿಂದ ಸುಮಾರು ಒಂದು ಕಿ.ಮೀ. ಬ್ಯಾಟರಿ ಗಾಡಿಯಲ್ಲಿ ಹೋಗಬೇಕು, ಸರದಿ ಉದ್ದವಿರುತ್ತದೆ, ಅಂಗಳದಲ್ಲಿ ನೆರಳು ಕಡಿಮೆ. ಇನ್ನೊಂದು, ಕರಕುಶಲ ಅಂಗಡಿಯ ನಿಲುಗಡೆ ಪಟ್ಟಿಯಲ್ಲಿದ್ದರೆ ಅದನ್ನು ಬಿಟ್ಟು ಆ ಹೊತ್ತನ್ನು ಹೇಮಕೂಟ ಬೆಟ್ಟಕ್ಕೆ ಕೊಡಬಹುದೇ ಎಂದು ಕೇಳಿ. ಇಡೀ ಗುಂಪಿನ ಪರವಾಗಿ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು.

ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಕಲ್ಲಿನ ರಥದ ಮುಂದೆ 50 ರೂಪಾಯಿಯ ಹೊಸ ನೋಟನ್ನು ತೆಗೆದು ಹೋಲಿಸಿ ನೋಡಿ, ಹಿಂಬದಿಯಲ್ಲಿರುವುದು ಇದೇ ರಥ. ಆಮೇಲೆ ಎದುರಿನ ಆನೆಗಳ ಹಿಂದಕ್ಕೆ ಕಣ್ಣು ಹಾಯಿಸಿ. ಕುದುರೆಯ ಹಿಂಗಾಲು, ಬಾಲದ ಅಳಿದುಳಿದ ಗುರುತು ಕಾಣುತ್ತದೆ. ಮೊದಲು ಇದ್ದದ್ದು ಕುದುರೆಗಳು, ಆನೆಗಳನ್ನು ತಂದಿಟ್ಟದ್ದು ನಂತರ. ಬೇಲಿಯ ಆಚೆಯಿಂದಲೇ ನೋಡಬೇಕಾದ್ದರಿಂದ ದುರ್ಬೀನು ಇಲ್ಲಿ ನೆರವಿಗೆ ಬರುತ್ತದೆ. ತಟ್ಟಿದರೆ ನಾದ ಹೊಮ್ಮುವ ಸಪ್ತಸ್ವರ ಕಂಬಗಳನ್ನು ತಟ್ಟಲು ಹೋಗಬೇಡಿ. ಶತಮಾನಗಳ ಪೆಟ್ಟಿಗೆ ಅವು ಈಗಾಗಲೇ ಸವೆದಿವೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಹಂಪಿಯೊಂದನ್ನೇ ಮನಸಾರೆ ನೋಡುವ ಆಸೆಯಿದ್ದರೆ ಈ ರೈಲು ನಿಮಗಲ್ಲ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆಗೆ ಹೋಗಿ ಮೂರು ದಿನ ಉಳಿಯಿರಿ. ವಯಸ್ಸಾದ ಅಪ್ಪ–ಅಮ್ಮನಿಗೆ ದಿನಕ್ಕೊಂದು ಹೋಟೆಲ್ ಬದಲಿಸದೆ, ಬ್ಯಾಗ್ ಕಟ್ಟದೆ ನಾಡು ತೋರಿಸಬೇಕೆನ್ನುವವರಿಗೆ ಇದಕ್ಕಿಂತ ಅನುಕೂಲವಾದದ್ದು ಸಿಗುವುದು ಕಷ್ಟ.

ಇಳಿಯುವ ದಿನ ಬೆಳಗಿನ ವಿಮಾನ ಹಿಡಿಯುವ ಯೋಚನೆ ಬೇಡ. ರೈಲು ಎರಡು–ಮೂರು ಗಂಟೆ ತಡವಾದರೂ ತೊಂದರೆಯಾಗದಂತೆ ಸಂಜೆಯದನ್ನು, ಸಾಧ್ಯವಾದರೆ ಮರುದಿನದ್ದನ್ನು ಬುಕ್ ಮಾಡಿ.